ಪ್ರೊಬೇಷನ್ ಷರತ್ತು ಬದಲಿಸಲು ಕಕ್ಷಿದಾರನೇ ಅರ್ಜಿ ಹಾಕಬಹುದೇ?

ಬೊಮ್ಮನಹಳ್ಳಿ ವಕೀಲೆ:
ಕಳವು ಕೇಸು, ಹುಡುಗನಿಗೆ 23. 1958ರ ಪ್ರೊಬೇಷನ್ ಕಾಯ್ದೆ ಕಲಂ 4ರಡಿ ಶಿಕ್ಷೆಯ ಬದಲು ಒಳ್ಳೆಯ ನಡತೆಯ ಎರಡು ವರ್ಷದ ಮುಚ್ಚಳಿಕೆ (ಬಾಂಡ್), ಒಂದು ವರ್ಷ ಪ್ರೊಬೇಷನ್ ಆಫೀಸರ್ ನಿಗಾ. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ 11ಕ್ಕೆ ಹಾಜರಿ. ಬೆಂಗಳೂರು ನಗರ ಜಿಲ್ಲೆ ಬಿಟ್ಟು ಹೋಗುವಂತಿಲ್ಲ. ಈಗ ಹೊಸೂರಿನಲ್ಲಿ ಫಸ್ಟ್ ಶಿಫ್ಟ್ ಕೆಲಸ ಸಿಕ್ಕಿದೆ, ಅತ್ತಿಬೆಲೆ ದಾಟಿದರೆ ಷರತ್ತು ಮುರಿದಂತೆ. ಶ್ಯೂರಿಟಿ (ಜಾಮೀನುದಾರ) ಹುಡುಗನ ಸೋದರಮಾವ. ಏನು ಮಾಡೋದು?

ನೃಪತುಂಗ ರಸ್ತೆ:
ಮೇಡಂ, ಕಲಂ 8(1) ಓದಿ: ‘ಪ್ರೊಬೇಷನ್ ಆಫೀಸರ್ ಅರ್ಜಿಯ ಮೇಲೆ’ ಅಂತಲೇ ಇದೆ. ಹಾಗಾಗಿ ಮೊದಲು ಆಫೀಸರಿಗೇ ಲಿಖಿತ ಮನವಿ ಕೊಡಿ. ನೇಮಕಾತಿ ಪತ್ರ, ಶಿಫ್ಟ್ ವೇಳೆ ಲಗತ್ತಿಸಿ, ನಿಮ್ಮ ಪ್ರತಿ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ‘ನಿರ್ಬಂಧ ತೆಗೆಯಿರಿ’ ಅಂತ ಬರೆಯಬೇಡಿ. ಕೆಲಸದ ದಿನ ಹೊಸೂರಿಗೆ ಹೋಗಿಬರಲು ಅನುಮತಿ, ರಾತ್ರಿ ವಾಸ ಬೊಮ್ಮನಹಳ್ಳಿಯಲ್ಲೇ, ಹಾಜರಿ 11ರ ಬದಲು ಸಂಜೆ 4ಕ್ಕೆ. ಇಷ್ಟೇ ಕೇಳಿ.

ಎಡವುವುದು ಶ್ಯೂರಿಟಿ ಹತ್ತಿರ. ಬದಲಾವಣೆಗೆ ಮುನ್ನ ಕೋರ್ಟು ಅವರನ್ನೂ ಕೇಳಬೇಕು. ಮಾವ ಒಪ್ಪದಿದ್ದರೆ ಹೊಸ ಮುಚ್ಚಳಿಕೆ ಕೇಳಬಹುದು. ಅದನ್ನು ಕೊಡಲಾಗದಿದ್ದರೆ ಮೂಲ ಅಪರಾಧಕ್ಕೇ ಶಿಕ್ಷೆ ಆಗಬಹುದು. ಮಾವನನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ.

ಕಾಯ್ದೆ ಓದುಗ:
ಸುಧಾರಣೆ ಅಂದಕೂಡಲೇ ಎಲ್ಲರೂ ಎಲೆಕ್ಟ್ರಾನಿಕ್ ಟ್ರ್ಯಾಕಿಂಗ್ ಅನ್ನುತ್ತಾರೆ. 2023ರ ಮಾದರಿ ಕಾರಾಗೃಹ ಕಾಯ್ದೆಯೂ ರಜೆ ಮೇಲೆ ಹೋಗುವ ಕೈದಿಗಳ ವಿಷಯದಲ್ಲಿ ಅದನ್ನೇ ಹೇಳಿತು. ಆದರೆ ಪ್ರೊಬೇಷನ್ ಕಾಯ್ದೆಯ ಓರೆ ನೋಡಿ: ಷರತ್ತು ಮುರಿದ ಸುದ್ದಿ ಕಲಂ 9ರಡಿ ‘ಆಫೀಸರ್ ವರದಿ ಅಥವಾ ಅನ್ಯಥಾ’ ಬರಬಹುದು, ಅಂದರೆ ಯಾರ ಬಾಯಿಂದಲಾದರೂ. ಸಡಿಲಿಕೆ ಮಾತ್ರ ಆಫೀಸರ್ ಒಬ್ಬರಿಂದ! ಒಳ್ಳೆಯ ನಡತೆಗೆ ಅವಧಿಗೆ ಮುನ್ನ ಬಿಡುಗಡೆ ಕೊಡುವ 8(3)ಕ್ಕೂ ಇದೇ ಗತಿ. ‘ಅಥವಾ ಅಪರಾಧಿಯ’ ಅಂತ ಎರಡು ಪದ ಸೇರಿಸಿದರೆ ಸಾಕಿತ್ತು.

ಬೊಮ್ಮನಹಳ್ಳಿ ವಕೀಲೆ:
ಆಫೀಸರ್ ಕಡತ ಹಿಡಿದು ಕೂತರೆ? ಅಷ್ಟರಲ್ಲಿ ಕೆಲಸಕ್ಕೆ ಸೇರಿಕೊಂಡರೆ, ಷರತ್ತು ಮುರಿದದ್ದಕ್ಕೆ ಕಲಂ 9ರಡಿ 50 ರೂಪಾಯಿ ದಂಡ ತಾನೇ?

ನೃಪತುಂಗ ರಸ್ತೆ:
ಕೂತರೆ ಮುದ್ರೆ ಬಿದ್ದ ಮನವಿ ಪ್ರತಿ ಇಟ್ಟು, ಆಫೀಸರಿಂದ ವರದಿ ತರಿಸಿ ಅಂತ ಕೋರ್ಟಿಗೆ ಮೆಮೊ (ಚಿಕ್ಕ ಲಿಖಿತ ಕೋರಿಕೆ) ಹಾಕಿ. ಆಫೀಸರನ್ನೇ ಬದಲಿಸುವ ಅಧಿಕಾರ ಕಲಂ 13ರಲ್ಲಿ ಕೋರ್ಟಿಗಿದೆ. 50 ರೂಪಾಯಿ ನಂಬಿ ಕಳಿಸಬೇಡಿ. ಅದು ಮೊದಲ ತಪ್ಪಿಗೆ ಗರಿಷ್ಠ ದಂಡ ನಿಜ, ಆದರೆ ದಂಡ ಹಾಕಲೇಬೇಕೆಂದಿಲ್ಲ. ನ್ಯಾಯಾಧೀಶರು ನೇರವಾಗಿ ಶಿಕ್ಷೆಯನ್ನೂ ಕೊಡಬಹುದು. ಸೇರುವ ದಿನಾಂಕ ಎರಡು ವಾರ ಮುಂದೂಡಿ ಅಂತ ಕಾರ್ಖಾನೆಯವರನ್ನು ಕೇಳಿ ನೋಡಿ.