‘ಬಹುಮತ’: ಎಲ್ಲರಿಗಿಂತ ಹೆಚ್ಚೋ, ಅರ್ಧಕ್ಕಿಂತ ಹೆಚ್ಚೋ?

ಮಾನ್ಯರೆ,

ದಕ್ಷಿಣ ಆಫ್ರಿಕಾದ 2024ರ ಚುನಾವಣೆಯನ್ನು ಕುರಿತ ಲೇಖನವೊಂದರ ಕರಡು ತಿದ್ದುತ್ತಿದ್ದಾಗ ಒಂದೇ ಪ್ಯಾರಾದಲ್ಲಿ ಎರಡು ವಾಕ್ಯಗಳು ಎದುರಾದವು. ‘ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಈ ಸಲವೂ ಬಹುಮತ ಪಡೆದ ಪಕ್ಷವಾಗಿದೆ’ ಎಂಬುದು ಮೊದಲನೆಯದು; ‘1994ರಿಂದೀಚೆಗೆ ಮೊದಲ ಬಾರಿಗೆ ಅದು ಬಹುಮತ ಕಳೆದುಕೊಂಡಿದೆ’ ಎಂಬುದು ಅದರ ಬೆನ್ನಿಗೇ ಬಂದದ್ದು. ಲೇಖಕರು ಅಂಕಿಗಳಲ್ಲಿ ಎಲ್ಲಿಯೂ ಎಡವಿರಲಿಲ್ಲ. ಮೇ 29ರ ಮತದಾನದಲ್ಲಿ ಆ ಪಕ್ಷಕ್ಕೆ ಬಂದದ್ದು ಶೇ 40ರಷ್ಟು ಮತ, 400 ಸ್ಥಾನಗಳಲ್ಲಿ 159. ಎರಡನೆಯ ಸ್ಥಾನದಲ್ಲಿದ್ದ ಡೆಮಾಕ್ರಟಿಕ್ ಅಲಯನ್ಸ್‌ಗೆ 87. ಬೇರೆ ಯಾವ ಪಕ್ಷಕ್ಕಿಂತಲೂ ಬಹಳ ಹೆಚ್ಚು, ಆದರೆ ಅರ್ಧಕ್ಕಿಂತ ಕಡಿಮೆ. ಈ ಎರಡು ಸಂಗತಿಗಳನ್ನೂ ಹೇಳಲು ಅವರ ಕೈಯಲ್ಲಿದ್ದದ್ದು ಒಂದೇ ಪದ.

ಮೊದಲ ವಾಕ್ಯವನ್ನು ‘ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷ’ ಎಂದು ನಾನು ತಿದ್ದಿದೆ. ಅವರು ಒಪ್ಪಲಿಲ್ಲ. ‘ಬಹು’ ಎಂದರೆ ಹೆಚ್ಚು, ‘ಮತ’ ಎಂದರೆ ಓಟು, ಇದರಲ್ಲಿ ‘ಅರ್ಧ’ ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ಪದವನ್ನು ಬಿಡಿಸಿ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ ಎಂದೇ ನನಗೂ ಅನ್ನಿಸಿತು.

ಬಳಕೆಯನ್ನು ನೋಡಹೋದರೆ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ಪ್ರಚಾರದ ದಿನಗಳಲ್ಲಿ ಮೈಕು ಕಟ್ಟಿಕೊಂಡು ಬೀದಿ ಸುತ್ತುವ ಆಟೋದಿಂದ ಕೇಳಿಬರುವ ‘ತಮ್ಮ ಅಮೂಲ್ಯವಾದ ಮತವನ್ನು ನೀಡಿ ಪ್ರಚಂಡ ಬಹುಮತದಿಂದ ಆರಿಸಿ ತರಬೇಕಾಗಿ ವಿನಂತಿ’ ಎಂಬ ಮಾತಿನಲ್ಲಿ ಬಹುಮತವೆಂದರೆ ಅರ್ಧವೂ ಅಲ್ಲ, ಎಲ್ಲರಿಗಿಂತ ಹೆಚ್ಚು ಎಂಬುದಷ್ಟೇ ಅಲ್ಲ. ಅದು ಗೆಲುವಿನ ಅಂತರ. ಐದಾರು ಮಂದಿ ಕಣದಲ್ಲಿರುವ ಕ್ಷೇತ್ರದಲ್ಲಿ ಮೂರನೇ ಒಂದು ಪಾಲು ಮತ ಪಡೆದು ಗೆದ್ದವನನ್ನೂ ‘ಬಹುಮತದಿಂದ ಆಯ್ಕೆಯಾದ’ ಎಂದು ಬರೆಯುವುದುಂಟು. ಸೋಜಿಗವೆಂದರೆ ಆಡುಮಾತು ಈ ಮೂರನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ. ಅಂತರಕ್ಕೆ ‘ಎಷ್ಟು ಲೀಡಲ್ಲಿ ಗೆದ್ದ?’ ಎನ್ನುತ್ತಾರೆ; ಅರ್ಧ ದಾಟದಿದ್ದರೆ ‘ಮೆಜಾರಿಟಿ ಬರಲಿಲ್ಲ’ ಎನ್ನುತ್ತಾರೆ; ಎಲ್ಲರಿಗಿಂತ ಮುಂದಿದ್ದರೆ ‘ಜಾಸ್ತಿ ಸೀಟು ಅವರದ್ದೇ’ ಎನ್ನುತ್ತಾರೆ. ಚಹಾದಂಗಡಿಯಲ್ಲಿ ಇಲ್ಲದ ಗೊಂದಲ ನಮ್ಮ ಬರವಣಿಗೆಯಲ್ಲಿ ಮಾತ್ರ ಇದೆ.

ಇನ್ನು ‘ಕಳೆದುಕೊಂಡಿತು’ ಎಂಬ ಕ್ರಿಯಾಪದದ ಬಗೆಗೂ ನನಗೆ ತಕರಾರಿದೆ. ದಕ್ಷಿಣ ಆಫ್ರಿಕಾದ ಫಲಿತಾಂಶ ಪ್ರಕಟವಾದ ಎರಡೇ ದಿನಕ್ಕೆ, ಜೂನ್ 4ರಂದು, ನಮ್ಮ ಲೋಕಸಭೆಯ ಫಲಿತಾಂಶವೂ ಬಂತು. 2019ರಲ್ಲಿ 303 ಸ್ಥಾನ ಗೆದ್ದಿದ್ದ ಬಿಜೆಪಿ 240ಕ್ಕೆ ಇಳಿಯಿತು, ಎನ್‌ಡಿಎ ಕೂಟಕ್ಕೆ 293 ಬಂದವು. ಹೀಗಾಗಿ ‘ಬಿಜೆಪಿ ಬಹುಮತ ಕಳೆದುಕೊಂಡಿತು’ ಮತ್ತು ‘ಎನ್‌ಡಿಎಗೆ ಬಹುಮತ’ ಎಂಬ ಎರಡೂ ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡಬಹುದಾಗಿತ್ತು. ಆದರೆ ಹಳೆಯ ಸದನದ ಬಹುಮತ ಆ ಸದನದೊಂದಿಗೇ ಮುಗಿಯಿತಲ್ಲವೆ? ಹೊಸ ಸದನದಲ್ಲಿ ಇನ್ನೂ ಸಿಗದಿದ್ದುದನ್ನು ಕಳೆದುಕೊಳ್ಳುವುದು ಹೇಗೆ? 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ವಿಶ್ವಾಸಮತವನ್ನು ಒಂದೇ ಒಂದು ಮತದಿಂದ ಸೋತಾಗ ನಡೆದದ್ದು ನಿಜವಾದ ಕಳೆದುಕೊಳ್ಳುವಿಕೆ. ಚುನಾವಣೆಯ ಸಂದರ್ಭಕ್ಕೆ ‘ಬಹುಮತ ತಪ್ಪಿತು’ ಎಂಬುದೋ, ‘ಬಹುಮತಕ್ಕೆ 32 ಸ್ಥಾನ ಕಡಿಮೆ ಬಿದ್ದವು’ ಎಂಬುದೋ ಹೆಚ್ಚು ಒಪ್ಪುತ್ತದೆ ಎಂದು ನನ್ನ ಎಣಿಕೆ. ಇದು ಕೂದಲು ಸೀಳುವ ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಕರಡು ತಿದ್ದುವವರಿಗೆ ಬೇರೆ ಕೆಲಸವಾದರೂ ಏನಿದೆ!

‘ಸರಳ ಬಹುಮತ’ವನ್ನೂ ಇದೇ ಸಾಲಿಗೆ ಸೇರಿಸಬೇಕು. 543ರಲ್ಲಿ 272 ಬೇಕೆನ್ನುವಾಗ ನಾವು ಈ ಪದವನ್ನು ಬಳಸುತ್ತೇವೆ, ಆದರೆ ಸಂಸದೀಯ ಪರಿಭಾಷೆಯಲ್ಲಿ ಅದು ಸದನದಲ್ಲಿ ಹಾಜರಿದ್ದು ಮತ ಹಾಕಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಎಂಬುದಕ್ಕೆ ಸಲ್ಲುವ ಮಾತು. ಒಟ್ಟು ಸದಸ್ಯರ ಅರ್ಧವನ್ನು ಮೀರಿದ ಸಂಖ್ಯೆಗೆ ‘ಸ್ಪಷ್ಟ ಬಹುಮತ’ ವಾಸಿ.

ಅದೇ ಕರಡಿನಲ್ಲಿದ್ದ ‘ಅತಂತ್ರ ಸಂಸತ್ತು’ ಎಂಬುದನ್ನಂತೂ ನಾನು ಹೊಡೆದುಹಾಕಿದೆ. ಮನೆಮಠ ಮಾರಿಕೊಂಡವನು ಅತಂತ್ರನಾದ ಎನ್ನುವ ಭಾಷೆಯಲ್ಲಿ ಈ ಪದಕ್ಕೆ ನಿರ್ಗತಿಯ ನೆರಳಿದೆ. ದಕ್ಷಿಣ ಆಫ್ರಿಕಾದಲ್ಲಿ ಜೂನ್ 14ರಂದೇ ಪ್ರತಿಸ್ಪರ್ಧಿ ಪಕ್ಷಗಳು ಕೈಜೋಡಿಸಿ, 283 ಮತಗಳಿಂದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ನಾಯಕ ರಾಮಫೋಸ ಅವರನ್ನು ಮತ್ತೆ ಅಧ್ಯಕ್ಷರನ್ನಾಗಿ ಆರಿಸಿದವು. ಅಂಥ ಸಂಸತ್ತನ್ನು ಅತಂತ್ರ ಎಂದರೆ ವರದಿಯೊಳಗೆ ತೀರ್ಪೊಂದು ನುಸುಳಿದಂತೆ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ಎಲ್ಲರಿಗಿಂತ ಹೆಚ್ಚು ಆದರೆ ಅರ್ಧಕ್ಕಿಂತ ಕಡಿಮೆ ಎಂಬ ಅರ್ಥಕ್ಕೆ ಕನ್ನಡದಲ್ಲಿ ನೆಲೆನಿಂತ ಬಿಡಿಪದವೇನಾದರೂ ಇದೆಯೆ? ‘ಅಧಿಕಮತ’ ಎಂಬುದು ನನಗೆ ಹೊಳೆಯಿತಾದರೂ ಅದು ಬಹುಮತದ ತಮ್ಮನಂತೆ ಕಾಣುತ್ತದೆ. ಓದುಗರು ಎರಡನ್ನೂ ಒಂದೆಂದೇ ತಿಳಿದಾರು ಎಂಬ ಅಳುಕಿದೆ. ಮೈಸೂರು ಪ್ರಜಾಪ್ರತಿನಿಧಿ ಸಭೆಯ ಹಳೆಯ ಕನ್ನಡ ಕಾಗದಪತ್ರಗಳನ್ನು ನೋಡಿದವರು ಯಾರಾದರೂ ಇದ್ದರೆ, ಕೈಯೆತ್ತಿಸಿ ಎಣಿಸಿದ ತೀರ್ಮಾನಗಳಿಗೆ ಅಲ್ಲಿ ಯಾವ ಮಾತು ಬಳಕೆಯಲ್ಲಿತ್ತು ಎಂಬುದನ್ನು ದಯವಿಟ್ಟು ತಿಳಿಸಬೇಕು. ಕರಡು ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.