ಕಣ್ಣಿಗೆ ಬೆಟ್ಟ, ಫೋಟೋದಲ್ಲಿ ದಿಬ್ಬ: ಎಲ್ಲಿ ತಪ್ಪುತ್ತಿದೆ?

ಹೊಸಗಣ್ಣು:

ನನ್ನದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಎಂಎಂ ಝೂಮ್ ಲೆನ್ಸ್; 18ರಲ್ಲಿ ನೋಟ ಅಗಲ, 55ರಲ್ಲಿ ಕಿರಿದು. ಬೆಟ್ಟ, ಕೆರೆ, ಬಯಲು ಏನೇ ಇರಲಿ, ಎಲ್ಲವೂ ಫ್ರೇಮಿನಲ್ಲಿ ಬರಲಿ ಅಂತ 18ಕ್ಕೆ ಇಟ್ಟು ತೆಗೆಯುತ್ತೇನೆ. ಎದುರಿಗೆ ಆಕಾಶ ಮುಟ್ಟುವಂತಿದ್ದ ಬೆಟ್ಟ ಫೋಟೋದಲ್ಲಿ ಮಣ್ಣಿನ ದಿಬ್ಬದಂತೆ ಕಾಣುತ್ತದೆ. ಕೆಳಗಿನ ಅರ್ಧ ಬರೀ ಖಾಲಿ ನೆಲ. ಒಂದು ಬದಿಗೆ ಮರ ಬಂತೆಂದರೆ ಇಡೀ ಫೋಟೋ ಆ ಕಡೆಗೇ ವಾಲಿದ ಹಾಗಿರುತ್ತದೆ. ಮೂರರಲ್ಲೊಂದು ಭಾಗದ ನಿಯಮದಂತೆ ಮರವನ್ನು, ಫ್ರೇಮನ್ನು ಮೂರು ಪಾಲು ಮಾಡುವ ಗ್ರಿಡ್ ಗೆರೆಯ ಮೇಲೇ ಇಟ್ಟಿದ್ದರೂ ಹೀಗೆ. ಬೇರೆ ಲೆನ್ಸ್ ಬೇಕಾ, ಅಥವಾ ನಾನು ನಿಲ್ಲುವ ಜಾಗವೇ ತಪ್ಪಾ?

ಮುಕ್ಕಾಲಿ:

ಲೆನ್ಸ್ ಬೇಡ. ನಿಲ್ಲುವ ಜಾಗದ್ದೇ ವಿಷಯ.

"ವೈಡ್ ಲೆನ್ಸ್ ಬೆಟ್ಟವನ್ನು ಹಿಂದಕ್ಕೆ ತಳ್ಳುತ್ತದೆ, ಟೆಲಿ ಮುಂದಕ್ಕೆ ಎಳೆಯುತ್ತದೆ" ಅನ್ನುವ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ವೈಡ್ ಅಂದರೆ ಅಗಲ ನೋಟದ್ದು, ಟೆಲಿ ಅಂದರೆ ದೂರದ್ದನ್ನು ದೊಡ್ಡದಾಗಿ ತೋರಿಸುವುದು. ಲೆನ್ಸಿಗೆ ಆ ಶಕ್ತಿ ಇಲ್ಲ. ಬೇಕಿದ್ದರೆ ಟ್ರೈಪಾಡ್ ಅಲುಗಿಸದೆ 18ರಲ್ಲಿ ಒಂದು, 55ರಲ್ಲಿ ಒಂದು ತೆಗೆಯಿರಿ. 18ರ ಫೋಟೋವನ್ನು 55ರಷ್ಟೇ ಕಾಣುವಂತೆ ಕ್ರಾಪ್ ಮಾಡಿ, ಅಂದರೆ ಅಂಚು ಕತ್ತರಿಸಿ, ಪಕ್ಕಪಕ್ಕ ಇಡಿ. ಮರ ಎಷ್ಟು ದೊಡ್ಡದು, ಬೆಟ್ಟ ಎಷ್ಟು ದೊಡ್ಡದು ಅನ್ನುವ ಅನುಪಾತ ಎರಡರಲ್ಲೂ ಒಂದೇ ಇರುತ್ತದೆ. ಕ್ರಾಪ್ ಆದದ್ದರಲ್ಲಿ ವಿವರ ಕಡಿಮೆ, ಅಷ್ಟೇ. ಕ್ಯಾಮೆರಾ ಇರುವ ಜಾಗ ಬದಲಾದಾಗ ಮಾತ್ರ ಪರ್ಸ್ಪೆಕ್ಟಿವ್, ಅಂದರೆ ಹತ್ತಿರದ್ದು ದೂರದ್ದರ ಗಾತ್ರದ ಅನುಪಾತ, ಬದಲಾಗುತ್ತದೆ.

ಈಗ ಲೆಕ್ಕ ನೋಡಿ. ಮರ 10 ಮೀಟರ್ ದೂರದಲ್ಲಿದೆ, ಬೆಟ್ಟ 1 ಕಿಲೋಮೀಟರ್ ದೂರದಲ್ಲಿದೆ, ನೀವು 18ರಲ್ಲಿದ್ದೀರಿ. 20 ಮೀಟರ್ ಹಿಂದಕ್ಕೆ ನಡೆಯಿರಿ. ಮರದ ದೂರ ಮೂರು ಪಟ್ಟಾಯಿತು, ಹಾಗಾಗಿ ಅದು ಮೂರರಲ್ಲೊಂದಕ್ಕೆ ಕುಗ್ಗಿತು. ಬೆಟ್ಟಕ್ಕೆ 1,000 ಮೀಟರೂ ಒಂದೇ, 1,020 ಮೀಟರೂ ಒಂದೇ. ಈಗ ಝೂಮನ್ನು 54-55ಕ್ಕೆ ತನ್ನಿ, ಅಂದರೆ ಮೂರು ಪಟ್ಟು. ಮರ ಮೊದಲಿನ ಗಾತ್ರಕ್ಕೇ ಮರಳಿತು, ಬೆಟ್ಟ ಮಾತ್ರ ಅದರ ಹಿಂದೆ ಸುಮಾರು ಮೂರು ಪಟ್ಟು ಎದ್ದು ನಿಂತಿತು. ಕಣ್ಣಿಗೆ ಕಂಡ ಬೆಟ್ಟ ಸಿಗುವುದು ಹೀಗೆ. ಹಿಂದೆ ಹೋಗಲು ಜಾಗ ಇರಬೇಕು ಅನ್ನುವುದೊಂದೇ ಷರತ್ತು.

18ನ್ನೇ ಬಳಸುವುದಾದರೆ ಉಲ್ಟಾ ಮಾಡಿ, ಮುಂದೆ ಹೋಗಿ. 3 ಮೀಟರ್ ದೂರದ ಬಂಡೆಗೆ 1 ಮೀಟರಿನಷ್ಟು ಹತ್ತಿರ ಹೋದರೆ ಬಂಡೆ ಮೂರು ಪಟ್ಟಾಗುತ್ತದೆ, ಹಿಂದಿನ ಬೆಟ್ಟ ಇದ್ದಷ್ಟೇ ಇರುತ್ತದೆ. ಬೆಟ್ಟ ಚಿಕ್ಕದಾಗಿಯೇ ಉಳಿದರೂ ಆಗ ಆಳ ಕಾಣುತ್ತದೆ. ಹೊಸಬರು ಮಾಡುವ ಕೆಲಸ ಎರಡರ ನಡುವಿನದು: 18ರಲ್ಲಿ ಇಟ್ಟು, ಹತ್ತಿರದ ಯಾವ ವಸ್ತುವಿಗೂ ಹತ್ತಿರ ಹೋಗದೆ ನಿಲ್ಲುವುದು. ಆಗ ಬೆಟ್ಟವೂ ಸಣ್ಣದು, ಬಂಡೆಯೂ ಸಣ್ಣದು, ಉಳಿದಿದ್ದೆಲ್ಲ ಖಾಲಿ.

ಖಾಲಿ ನೆಲದ ಮದ್ದು ಕ್ಯಾಮೆರಾದ ಎತ್ತರದಲ್ಲಿದೆ. ಸಮನಾದ ಬಯಲಿನಲ್ಲಿ, ಕ್ಯಾಮೆರಾವನ್ನು ಅಡ್ಡ ಹಿಡಿದು ಮೇಲಕ್ಕೂ ಕೆಳಕ್ಕೂ ಬಾಗಿಸದೆ 18ರಲ್ಲಿ ಇಟ್ಟಿದ್ದೀರಿ ಅಂದುಕೊಳ್ಳಿ. 1.5 ಮೀಟರ್ ಎತ್ತರದಿಂದ ತೆಗೆದರೆ, 5 ಮೀಟರಿನಿಂದ ದಿಗಂತದವರೆಗಿನ ನೆಲ ಫ್ರೇಮಿನ ಎತ್ತರದ ಮೂರರಲ್ಲೊಂದು ಭಾಗ ನುಂಗುತ್ತದೆ. ಕ್ಯಾಮೆರಾವನ್ನು 50 ಸೆಂ.ಮೀ.ಗೆ ಇಳಿಸಿದರೆ ಅದೇ ನೆಲ ಒಂಬತ್ತರಲ್ಲೊಂದು ಭಾಗಕ್ಕೆ ಮಡಚಿಕೊಳ್ಳುತ್ತದೆ. ಹಾಗಾಗಿ ನಡುವೆ ನೋಡುವಂಥದ್ದು ಏನೂ ಇಲ್ಲದಿದ್ದರೆ ಕುಕ್ಕರಗಾಲಲ್ಲಿ ಕೂರಿ. ನಡುವೆ ಬಳುಕುವ ಹಳ್ಳವೋ ಗದ್ದೆಯ ಬದುವೋ ಇದ್ದರೆ ಟ್ರೈಪಾಡ್ ಎತ್ತರಿಸಿ, ಇಲ್ಲವೇ ದಿಣ್ಣೆ ಹತ್ತಿ. ತಗ್ಗಿಸಿದರೆ ಆ ತಿರುವುಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾಗುತ್ತವೆ.

ಇನ್ನೊಂದು ಮಾತು. ಟ್ರೈಪಾಡನ್ನು ಮೊದಲೇ ಬಿಡಿಸಬೇಡಿ. ಬಿಡಿಸಿದ ಮೇಲೆ ಅದನ್ನು ಸರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಬರೀ ಕೈಯಲ್ಲಿ ಓಡಾಡಿ ಜಾಗ ಮತ್ತು ಎತ್ತರ ಗೊತ್ತುಮಾಡಿಕೊಳ್ಳಿ, ಝೂಮಿನಿಂದ ಅಂಚುಗಳನ್ನು ಕತ್ತರಿಸಿ, ಆಮೇಲೆ ಟ್ರೈಪಾಡನ್ನು ಆ ಜಾಗಕ್ಕೆ ತನ್ನಿ.

ತಕ್ಕಡಿ:

ವಾಲುವ ಮರದ ವಿಷಯಕ್ಕೆ ಬರುತ್ತೇನೆ. ಗ್ರಿಡ್ ಗೆರೆ ಎಲ್ಲಿಡಬೇಕು ಅಂತ ಹೇಳುತ್ತದೆಯೇ ಹೊರತು ಎದುರು ಬದಿಯಲ್ಲಿ ಏನಿರಬೇಕು ಅಂತ ಹೇಳುವುದಿಲ್ಲ. ಎಡಗಡೆಯ ಗೆರೆ ಮೇಲೆ ಕಪ್ಪು ಮರ, ಬಲಗಡೆ ಬೋಳು ಆಕಾಶ ಇದ್ದರೆ ತಕ್ಕಡಿಯ ಒಂದೇ ತಟ್ಟೆಗೆ ಕಲ್ಲು ಹಾಕಿದಂತೆ.

ಫೋಟೋದಲ್ಲಿ ತೂಕ ಅಂದರೆ ಕಣ್ಣನ್ನು ಎಳೆಯುವ ಶಕ್ತಿ. ಗಾತ್ರ ಅದರಲ್ಲಿ ಒಂದು ಮಾತ್ರ. ಕತ್ತಲ ನಡುವಿನ ಬೆಳಕು, ಮಸುಕಿನ ನಡುವೆ ಸ್ಪಷ್ಟವಾದದ್ದು, ಹಸಿರಿನ ನಡುವಿನ ಕೆಂಪು, ಒಂಟಿಯಾಗಿರುವುದು ಇವೆಲ್ಲ ಭಾರ. ಮನುಷ್ಯನ ಆಕೃತಿ ಎಷ್ಟೇ ಸಣ್ಣದಿದ್ದರೂ ಭಾರವೇ. ಜೊತೆಗೆ ಮಧ್ಯದಿಂದ ದೂರ ಹೋದಷ್ಟೂ ತೂಕ ಹೆಚ್ಚುತ್ತದೆ. ಮಕ್ಕಳ ಏರಿಳಿ ಹಲಗೆಯಲ್ಲಿ ದೊಡ್ಡವರು ನಡುವಿಗೆ ಹತ್ತಿರ ಕೂತು, ಮಗು ತುದಿಯಲ್ಲಿ ಕೂತರೆ ಸಮ ಆಗುವ ಹಾಗೆ. ನಿಮ್ಮ ಮರವನ್ನು ಗೆರೆಯಿಂದ ಸ್ವಲ್ಪ ಒಳಕ್ಕೆ ತನ್ನಿ, ಬಲ ತುದಿಯ ಹತ್ತಿರ ಕೆರೆಯಲ್ಲಿನ ಒಂದು ದೋಣಿಯೋ ದೂರದ ಒಂಟಿ ಗಿಡವೋ ಬರುವ ಹಾಗೆ ನಿಲ್ಲಿ. ದೋಣಿ ಮರದ ಇಪ್ಪತ್ತರಲ್ಲೊಂದು ಪಾಲು ಇದ್ದರೂ ಸಾಕು.

ಇದೂ ಕಾಲಿನ ಕೆಲಸವೇ. ಮುಕ್ಕಾಲಿಯವರ ಲೆಕ್ಕದಂತೆ ಪಕ್ಕಕ್ಕೆ ಸರಿದರೆ ಹತ್ತಿರದ ಮರ ಬೇಗ ಜರುಗುತ್ತದೆ, ದೂರದ ದೋಣಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಇವೆರಡರ ನಡುವಿನ ಅಂತರ ನಿಮ್ಮ ಕೈಯಲ್ಲಿದೆ, ಕ್ಷಮಿಸಿ, ಕಾಲಲ್ಲಿದೆ.

ಪರೀಕ್ಷೆ ಮಾಡಲು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಫೋಟೋವನ್ನು ತಲೆಕೆಳಗಾಗಿ ನೋಡಿ. ಮರ, ಬೆಟ್ಟ ಅನ್ನುವ ಅರ್ಥ ಕಳಚಿ ಬರೀ ಕಪ್ಪು-ಬಿಳುಪಿನ ತುಂಡುಗಳು ಉಳಿಯುತ್ತವೆ, ಯಾವ ಕಡೆ ಭಾರ ಅಂತ ತಕ್ಷಣ ಗೊತ್ತಾಗುತ್ತದೆ. ಹೆಬ್ಬೆರಳಿಂದ ಒಂದೊಂದೇ ವಸ್ತುವನ್ನು ಮುಚ್ಚಿಯೂ ನೋಡಬಹುದು. ಮುಚ್ಚಿದಾಗ ಫೋಟೋಗೆ ಏನೂ ನಷ್ಟವಾಗದಿದ್ದರೆ ಆ ವಸ್ತು ಅಲ್ಲಿ ಬೇಕಿಲ್ಲ. ಮೂಲೆಯಲ್ಲಿ ಎಲೆಗಳ ಸಂದಿಯಿಂದ ಇಣುಕುವ ಬಿಳಿ ಆಕಾಶದ ಚೂರು ಇಡೀ ಸಮತೋಲನ ಕೆಡಿಸುವ ಕಳ್ಳ. ತೆಗೆಯುವಾಗ ಯಾರೂ ಅದನ್ನು ನೋಡುವುದಿಲ್ಲ.

ದಿಗಂತರೇಖೆ:

ಇಬ್ಬರ ಮಾತೂ ಸರಿ, ಆದರೆ "1 ಮೀಟರಿನಷ್ಟು ಹತ್ತಿರ ಹೋಗಿ" ಅಂತ ಹೇಳಿ ಫೋಕಸ್ ವಿಷಯ ಬಿಟ್ಟರೆ ಇವರು ನಾಳೆ ಮಸುಕಾದ ಬಂಡೆಯ ಫೋಟೋ ಹಿಡಿದುಕೊಂಡು ಬರುತ್ತಾರೆ.

ಕ್ರಾಪ್ ಸೆನ್ಸರಿನಲ್ಲಿ 18 ಎಂಎಂ, ಎಫ್/11 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಇಟ್ಟು 1.5 ಮೀಟರ್ ದೂರಕ್ಕೆ ಫೋಕಸ್ ಮಾಡಿ. ಸುಮಾರು 75 ಸೆಂ.ಮೀ.ಯಿಂದ ದೂರದ ಬೆಟ್ಟದವರೆಗೂ ಒಪ್ಪುವಷ್ಟು ಸ್ಪಷ್ಟ ಬರುತ್ತದೆ. ಇಂಥ ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ದೂರ ತೋರಿಸುವ ಗುರುತು ಇರುವುದಿಲ್ಲ. ಎರಡು ದೊಡ್ಡ ಹೆಜ್ಜೆ ದೂರದಲ್ಲಿ ಇರುವ ಕಲ್ಲಿಗೆ ಆಟೋಫೋಕಸ್ ಮಾಡಿ, ಸ್ವಿಚ್ಚನ್ನು ಮ್ಯಾನುಯಲ್‌ಗೆ ಹಾಕಿ, ಆಮೇಲೆ ಝೂಮ್ ಮುಟ್ಟಬೇಡಿ. ಝೂಮ್ ತಿರುಗಿದರೆ ಫೋಕಸ್ ಜಾರಬಹುದು. 55ರಲ್ಲಿ ಅದೇ ಎಫ್/11ಕ್ಕೆ ಫೋಕಸ್ ಮಾಡಬೇಕಾದ ದೂರ ಸುಮಾರು 14 ಮೀಟರ್, ಸ್ಪಷ್ಟತೆ ಶುರುವಾಗುವುದು 7 ಮೀಟರಿನಿಂದ. 30 ಮೀಟರಿನ ಮರಕ್ಕೆ ಧಾರಾಳವಾಯಿತು.

ಇನ್ನೂ ಹತ್ತಿರ ಹೋಗಬೇಕೆಂದು ಎಫ್/22ಕ್ಕೆ ಮುಚ್ಚಬೇಡಿ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಫೋಟೋ ಮೆತ್ತಗಾಗುತ್ತದೆ. ಅದರ ಬದಲು ಎಫ್/8ರಲ್ಲಿ ಬಂಡೆಗೊಂದು, ಬೆಟ್ಟಕ್ಕೊಂದು ಫೋಕಸ್ ಮಾಡಿ ಎರಡು ತೆಗೆದು ಕೂಡಿಸಿ. ಗಾಳಿಗೆ ಹುಲ್ಲು ಆಡುತ್ತಿದ್ದರೆ ಕೂಡಿಸುವುದು ಕಷ್ಟ. ಆಗ ಒಂದೇ ಫ್ರೇಮ್, ಐಎಸ್‌ಒ 400 (ಬೆಳಕಿಗೆ ಸೆನ್ಸರಿನ ಸ್ಪಂದನೆ), ಶಟರ್ ವೇಗ ಹೆಚ್ಚು.

ವಾಲಿಕೆಗೆ ಇನ್ನೂ ಸರಳ ಕಾರಣವೊಂದಿದೆ: ದಿಗಂತವೇ ಓರೆ ಇರಬಹುದು. 6,000 ಪಿಕ್ಸೆಲ್ ಅಗಲದ ಫೋಟೋದಲ್ಲಿ 1 ಡಿಗ್ರಿ ಓರೆಯೆಂದರೆ ಎಡ ತುದಿಗೂ ಬಲ ತುದಿಗೂ 105 ಪಿಕ್ಸೆಲ್ ಏರುಪೇರು. ಕೆರೆ ಇದ್ದರೆ ನೀರು ಚೆಲ್ಲಿಹೋಗುವಂತೆ ಕಾಣುತ್ತದೆ. ಕೆರೆಯ ಆಚೆ ದಡವನ್ನು ನಂಬಬೇಡಿ, ಅದು ನಿಮ್ಮಿಂದ ಓರೆಯಾಗಿ ದೂರ ಸರಿಯುತ್ತಿರಬಹುದು. ಕ್ಯಾಮೆರಾದ ಲೆವೆಲ್ ಗುರುತನ್ನೇ ನೋಡಿ, ಇಲ್ಲವೇ ಮರವೂ ಅದರ ಪ್ರತಿಬಿಂಬವೂ ಒಂದೇ ನೇರದಲ್ಲಿವೆಯೇ ಅಂತ ನೋಡಿ.

ಹೊಸಗಣ್ಣು:

ತುಂಬಾ ಧನ್ಯವಾದ. ಎರಡು ಸಣ್ಣ ಪ್ರಶ್ನೆ ಉಳಿದವು. ಮರದ ತುದಿ ಬೆಟ್ಟದ ಗೆರೆಗೆ ಸರಿಯಾಗಿ ತಾಗಿ ಎರಡೂ ಅಂಟಿಕೊಂಡಂತೆ ಕಾಣುತ್ತವೆ, ಏನು ಮಾಡಲಿ? ಇದೆಲ್ಲ ಮೊಬೈಲಿಗೂ ಹೊಂದುತ್ತದಾ?

ಮುಕ್ಕಾಲಿ:

ಬೆಟ್ಟ ತುಂಬಾ ದೂರವಿದ್ದರೆ ಲೆಕ್ಕ ಸುಲಭ. ಕ್ಯಾಮೆರಾ ಎಷ್ಟು ಸೆಂ.ಮೀ. ಇಳಿಯುತ್ತದೋ, ಬೆಟ್ಟದ ಗೆರೆ ಮರದ ಮೇಲೆ ಅಷ್ಟೇ ಸೆಂ.ಮೀ. ಇಳಿಯುತ್ತದೆ. ಎದೆಮಟ್ಟದ 1.3 ಮೀಟರಿನಿಂದ 30 ಸೆಂ.ಮೀ.ಗೆ ಇಳಿಸಿದರೆ ಮರದ ತಲೆಯ ಮೇಲಿನ 1 ಮೀಟರ್ ಆಕಾಶಕ್ಕೆ ಬಂತು. ಹುಲ್ಲಿನ ತೆನೆಯಾದರೆ ನಾಲ್ಕು ಬೆರಳು ಇಳಿಸಿದರೂ ಸಾಕು. ದೊಡ್ಡ ಮರಕ್ಕೆ 1 ಮೀಟರ್ ಸಾಲದು, ಅಲ್ಲಿ ಹತ್ತಿರ ಹೋಗಿ. ಹತ್ತಿರ ಹೋದಷ್ಟೂ ಮರ ಏರುತ್ತದೆ, ಬೆಟ್ಟ ಅಲ್ಲೇ ಇರುತ್ತದೆ. ಅದೂ ಆಗದಿದ್ದರೆ ಪಕ್ಕಕ್ಕೆ ಸರಿದು ಮರವನ್ನು ಬೆಟ್ಟದ ತಗ್ಗಿಗೆ ಹೊಂದಿಸಿ. ಅಥವಾ ಪೂರ್ತಿ ಬೆಟ್ಟದ ಮೈಮೇಲೇ ಬರಲಿ ಬಿಡಿ, ಬೆಳಗಿನ ಮಂಜಿರುವಾಗ ಅದೇ ಚೆನ್ನ: ದೂರದ ಬೆಟ್ಟ ನುಣ್ಣಗೆ ಮಸುಕಾಗಿ, ಕಪ್ಪು ಮರ ತಾನಾಗಿ ಬೇರ್ಪಡುತ್ತದೆ. ತಾಗಿಯೂ ತಾಗದ ಸ್ಥಿತಿಯೊಂದು ಬೇಡ.

ಮೊಬೈಲಿಗೂ ಎಲ್ಲವೂ ಹೊಂದುತ್ತದೆ. ಬೆಟ್ಟ ದೊಡ್ಡದಾಗಬೇಕಾದರೆ ಹಿಂದೆ ಹೋಗಿ ಟೆಲಿ ಲೆನ್ಸ್ ಬಳಸಿ. ಟೆಲಿ ಇಲ್ಲದಿದ್ದರೆ ಬೆರಳಿಂದ ಹಿಗ್ಗಿಸುವುದು ಬರೀ ಕ್ರಾಪ್. ಪರ್ಸ್ಪೆಕ್ಟಿವ್ ಸರಿಯಾಗಿಯೇ ಬರುತ್ತದೆ, ವಿವರ ಕಳೆಯುತ್ತದೆ. 0.5 ಎಕ್ಸ್ (ಅತಿ ಅಗಲ ನೋಟದ) ಲೆನ್ಸಿನಲ್ಲಿ ಮೂಲೆಯಲ್ಲಿ ಇರುವುದೆಲ್ಲ ಹೊರಕ್ಕೆ ಎಳೆದಂತಾಗುತ್ತದೆ, ಮನುಷ್ಯರನ್ನೂ ದುಂಡುಕಲ್ಲುಗಳನ್ನೂ ಅಲ್ಲಿ ಇಡಬೇಡಿ. ನೀರಿನ ಅಂಚಿನಲ್ಲಿ ಫೋನನ್ನು ತಲೆಕೆಳಗಾಗಿ ಹಿಡಿಯಿರಿ. ಲೆನ್ಸ್ ಕೆಳಗೆ ಬಂದು ನೀರಿಗೆ ಎರಡು ಬೆರಳಷ್ಟು ಹತ್ತಿರವಾಗುತ್ತದೆ, ಅಂಗೈಯಗಲದ ಗುಂಡಿಯಲ್ಲೂ ಇಡೀ ಬೆಟ್ಟದ ಬಿಂಬ ಸಿಗುತ್ತದೆ. ಮಣಿಕಟ್ಟಿಗೆ ದಾರ ಕಟ್ಟಿಕೊಂಡಿರಿ.