ಐಕ್ಯು 120 ದಾಟಿದ ಮೇಲೆ ಬುದ್ಧಿಗೂ ಸೃಜನಶೀಲತೆಗೂ ನಂಟು ಕಡಿಯುತ್ತದೆಯೆ?

ಪ್ರಶ್ನೆ (ಬಿ.ಎಡ್. ವಿದ್ಯಾರ್ಥಿನಿ)

ಐಕ್ಯು ಸುಮಾರು 120 ತಲುಪುವವರೆಗೆ ಬುದ್ಧಿಶಕ್ತಿಯ ಜೊತೆಗೆ ಸೃಜನಶೀಲತೆಯೂ ಏರುತ್ತದೆ, ಅದರಾಚೆಗೆ ಇವೆರಡಕ್ಕೂ ಸಂಬಂಧ ಉಳಿಯುವುದಿಲ್ಲ ಎಂದು ನಮ್ಮ ಶೈಕ್ಷಣಿಕ ಮನೋವಿಜ್ಞಾನದ ಟಿಪ್ಪಣಿಯಲ್ಲಿದೆ. ಇದನ್ನು ಹೊಸ್ತಿಲು ಸಿದ್ಧಾಂತವೆಂದು ಕರೆದಿದ್ದಾರೆ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗಬಹುದು. ಆದರೆ 119ಕ್ಕೂ 121ಕ್ಕೂ ನಡುವೆ ಮನಸ್ಸಿನೊಳಗೆ ಅಂಥದ್ದೇನು ಬದಲಾಗುತ್ತದೆ ಎಂಬುದು ನನಗೆ ತಿಳಿಯುತ್ತಿಲ್ಲ. ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 (ನಿವೃತ್ತ ಉಪನ್ಯಾಸಕ)

ಈ ವಿಚಾರ ಹುಟ್ಟಿದ ಸಂದರ್ಭವನ್ನು ಮೊದಲು ನೋಡೋಣ. 1950ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷ ಭಾಷಣ ಮಾಡಿದ ಜೆ. ಪಿ. ಗಿಲ್‌ಫರ್ಡ್, ತಮ್ಮ ಶಾಸ್ತ್ರದ ಸುಮಾರು 1,21,000 ಪ್ರಕಟಣೆಗಳಲ್ಲಿ ಸೃಜನಶೀಲತೆಗೆ ಸಂಬಂಧಿಸಿದವು ಕೇವಲ 186 ಎಂದು ಲೆಕ್ಕ ಒಪ್ಪಿಸಿದರು. ಬುದ್ಧಿಪರೀಕ್ಷೆಗಳು ಒಂದೇ ಸರಿಯುತ್ತರದ ಕಡೆಗೆ ಸಾಗುವ ಏಕಮುಖ ಚಿಂತನೆಯನ್ನು ಅಳೆಯುತ್ತವೆಯೇ ಹೊರತು, ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು ಎಂದು ಕೇಳಿದಾಗ ನಾನಾ ದಿಕ್ಕಿಗೆ ಹರಡುವ ಬಹುಮುಖ ಚಿಂತನೆಯನ್ನಲ್ಲ ಎಂಬುದು ಅವರ ವಾದವಾಗಿತ್ತು.

ಇದಕ್ಕೆ ಪುಷ್ಟಿಯಾಗಿ ಮನೋವಿಜ್ಞಾನಿ ಲೂಯಿಸ್ ಟರ್ಮನ್ ಅವರ ಅಧ್ಯಯನವನ್ನು ಉದಾಹರಿಸುವ ವಾಡಿಕೆಯಿದೆ. 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿ, ಅತಿ ಹೆಚ್ಚು ಐಕ್ಯು ಇದ್ದ ಸುಮಾರು 1,500 ಮಕ್ಕಳನ್ನು ಜೀವನಪರ್ಯಂತ ಗಮನಿಸಿದ ಕೆಲಸವದು. ಆ ಮಕ್ಕಳಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ, ಅಂಕ ಸಾಲದೆ ಹೊರಗುಳಿದ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಅವರಿಗೆ ಬಂತು. ಕಥೆ ಸ್ವಾರಸ್ಯವಾಗಿದೆ, ಆದರೆ ಇಬ್ಬರ ಉದಾಹರಣೆಯಿಂದ ಸಿದ್ಧಾಂತ ನಿಲ್ಲುವುದಿಲ್ಲ.

ಉತ್ತರ 2 (ಸಂಖ್ಯಾಶಾಸ್ತ್ರದವನು)

ನಿಮ್ಮ ಅನುಮಾನ ಸರಿಯಾದ ಜಾಗಕ್ಕೇ ಕೈಯಿಟ್ಟಿದೆ. ಪಿಯುಸಿಯಲ್ಲಿ ಶೇ. 95 ದಾಟಿದವರನ್ನು ಮಾತ್ರ ಸೇರಿಸಿಕೊಳ್ಳುವ ಕಾಲೇಜಿನೊಳಗೆ ಆ ಅಂಕಗಳನ್ನು ಹಿಡಿದು ಯಾರು ಮುಂದೆ ಬರುತ್ತಾರೆಂದು ಊಹಿಸಲು ಹೊರಟರೆ ಊಹೆ ನಿಲ್ಲುವುದು ಕಷ್ಟ, ಏಕೆಂದರೆ ಅಂಕಗಳ ಹರವೇ ಅಲ್ಲಿ ಕುಗ್ಗಿಹೋಗಿದೆ. 1962ರಲ್ಲಿ ಪ್ರಕಟವಾದ ಬುದ್ಧಿ ಮತ್ತು ಸೃಜನಶೀಲತೆಯ ಬಗೆಗಿನ ಗೆಟ್ಜೆಲ್ಸ್ ಮತ್ತು ಜಾಕ್ಸನ್ ಅವರ ಪ್ರಸಿದ್ಧ ಅಧ್ಯಯನ ನಡೆದ ಷಿಕಾಗೋ ಶಾಲೆಯಲ್ಲಿ ಮಕ್ಕಳ ಸರಾಸರಿ ಐಕ್ಯು 132 ಇತ್ತು. ಅಂಥ ಗುಂಪಿನಲ್ಲಿ ಸಹಸಂಬಂಧ (ಎರಡು ಅಂಕಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ; 0 ಎಂದರೆ ನಂಟಿಲ್ಲ, 1 ಎಂದರೆ ಪೂರ್ಣ ನಂಟು) ಕ್ಷೀಣವಾಗಿ ಕಂಡರೆ ಅಚ್ಚರಿಯಿಲ್ಲ.

2013ರಲ್ಲಿ ಎಮಾನುಯೆಲ್ ಯಾವುಕ್ ಮತ್ತು ಸಂಗಡಿಗರು ಹೊಸ್ತಿಲನ್ನು ಮೊದಲೇ 120 ಎಂದು ನಿಗದಿ ಮಾಡದೆ, ದತ್ತಾಂಶದಿಂದಲೇ ಅದನ್ನು ಹುಡುಕಿದರು. ಎಷ್ಟು ಉಪಾಯ ಹೊಳೆಯಿತೆಂದು ಎಣಿಸಿದರೆ ಹೊಸ್ತಿಲು ಸುಮಾರು 85ರಲ್ಲಿ, ಎರಡು ಸ್ವಂತಿಕೆಯುಳ್ಳ ಉಪಾಯ ಸಾಕೆಂದರೆ 100ರಲ್ಲಿ, ಅಂಥವು ಹಲವು ಬೇಕೆಂದರೆ 120ರಲ್ಲಿ ಸಿಕ್ಕಿತು. ನಿಜಜೀವನದ ಸೃಜನಶೀಲ ಸಾಧನೆಗೆ ಹೊಸ್ತಿಲೇ ಕಾಣಲಿಲ್ಲ, ಬುದ್ಧಿಯ ನೆರವು ಮೇಲಿನ ಹಂತದಲ್ಲೂ ಮುಂದುವರಿದಿತ್ತು. ಹಾಗಾಗಿ 120 ಎಂಬುದು ಮೆದುಳಿನಲ್ಲಿರುವ ಗೆರೆಯಲ್ಲ, ಮೌಲ್ಯಮಾಪಕರು ಎಷ್ಟು ಬಿಗಿಯಾಗಿದ್ದಾರೆ ಎಂಬುದರ ಮೇಲೆ ಸರಿದಾಡುವ ಗುರುತು.

ಉತ್ತರ 3 (ಪ್ರಾಥಮಿಕ ಶಾಲಾ ಶಿಕ್ಷಕಿ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪರೀಕ್ಷೆಯ ವಾತಾವರಣದ ಬಗ್ಗೆ ಯಾರೂ ಮಾತನಾಡಲಿಲ್ಲ. 1965ರಲ್ಲಿ ಮನೋವಿಜ್ಞಾನಿಗಳಾದ ವಾಲಕ್ ಮತ್ತು ಕೋಗನ್ ಐದನೆಯ ತರಗತಿಯ 151 ಮಕ್ಕಳಿಗೆ ಗಡಿಯಾರದ ಹಂಗಿಲ್ಲದೆ, ಆಟದಂತೆ, ದುಂಡಗಿರುವ ವಸ್ತುಗಳನ್ನೆಲ್ಲ ಹೇಳಿ ಎಂಬಂಥ ಪ್ರಶ್ನೆಗಳನ್ನು ಕೇಳಿದಾಗ, ಆ ಅಂಕಗಳಿಗೂ ಬುದ್ಧಿಪರೀಕ್ಷೆಯ ಅಂಕಗಳಿಗೂ ಇದ್ದ ಸಹಸಂಬಂಧ 0.1ರಷ್ಟಕ್ಕೆ ಇಳಿಯಿತು. ತರಗತಿಯಲ್ಲಿ ನಾನು ಕಂಡಿರುವುದೂ ಇದೇ. ‘ಬೇಗ ಹೇಳಿ’ ಎಂದ ಕ್ಷಣ, ವಿಚಿತ್ರವಾದ ಒಳ್ಳೆಯ ಉತ್ತರ ಕೊಡುವ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಬಿನೆ ಮಾದರಿಯ ಬುದ್ಧಿಪರೀಕ್ಷೆಗಳಲ್ಲಿ, ನಮ್ಮ ಕಡೆ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆಯೂ ಸೇರಿದಂತೆ, ಬಹುಮುಖ ಚಿಂತನೆಗೆ ಜಾಗವೇ ಇರಲಿಲ್ಲ ಎಂದು ಬರೆಯಬಹುದೆ?

ಉತ್ತರ 1 (ನಿವೃತ್ತ ಉಪನ್ಯಾಸಕ)

ಅಷ್ಟು ಖಡಾಖಂಡಿತವಾಗಿ ಬರೆಯಬೇಡಿ. ಆಲ್ಫ್ರೆಡ್ ಬಿನೆ ಅವರ 1908ರ ಮಾಪನದಲ್ಲೇ ಮೂರು ನಿಮಿಷದಲ್ಲಿ 60 ಪದ ಹೇಳಬೇಕೆಂಬ ಪ್ರಶ್ನೆಯಿತ್ತು, ಮತ್ತು ಅದಕ್ಕೆ ಒಂದೇ ಸರಿಯುತ್ತರವೆಂಬುದಿರಲಿಲ್ಲ. ಆದರೆ ಅಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಪದಗಳ ಸಂಖ್ಯೆ ಮಾತ್ರ.